ನೀರಿಲ್ಲದೆ ಕಾರು ತೊಳೆಯುವವರಿಗೆ: ಬಾಟಲಿ, ಬಟ್ಟೆ ಮತ್ತು ಕೈ

ಬೆಂಗಳೂರಿನಲ್ಲಿ ಕುಡಿಯುವ ನೀರು ಬಳಸಿ ಕಾರು ತೊಳೆದರೆ 5,000 ರೂಪಾಯಿ ದಂಡ. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೂ ಜನ ಪರದಾಡುತ್ತಿದ್ದಾಗ ಜಲಮಂಡಳಿ ಈ ಆದೇಶ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಮತ್ತೊಮ್ಮೆ ಹೊರಡಿಸಿತು. ದಂಡದ ಮಾತು ಹಾಗಿರಲಿ, ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪು ಮಾಡಿ ಎತ್ತಿ ತಂದ ನೀರನ್ನು ಪೈಪ್ ಹಿಡಿದು ಟೈರಿನ ಮೇಲೆ ಬಿಡಲು ನನಗೆ ಕೈ ಬರುವುದಿಲ್ಲ. ಹಾಗೆಂದು ಕಾರು ಕೊಳಕಾಗಿ ನಿಂತಿದ್ದರೂ ಸಹಿಸಲಾರೆ. ನನ್ನದು ಕಪ್ಪು ಸೆಡಾನ್. ಕೆಂಗೇರಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಆಸುಪಾಸಿನಲ್ಲಿ ಸದಾ ಒಂದಲ್ಲ ಒಂದು ಕಟ್ಟಡ ಏಳುತ್ತಲೇ ಇರುತ್ತದೆ. ಸಂಜೆ ಒರೆಸಿಟ್ಟರೆ ಬೆಳಗ್ಗೆ ಬೋನೆಟ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು.

ಆದೇಶ ಬಂದ ಮೇಲೆ ನೀರಿಲ್ಲದ ತೊಳೆತದ ಸ್ಪ್ರೇಗಳ ಬಗ್ಗೆ ನೆರೆಹೊರೆಯವರು ವಿಚಾರಿಸತೊಡಗಿದರು. ಎಲ್ಲರ ಮೊದಲ ಪ್ರಶ್ನೆ ಒಂದೇ: ಯಾವ ಬಾಟಲಿ ತೆಗೆದುಕೊಳ್ಳಲಿ? ನಾನು ಬಾಟಲಿಯ ಹೆಸರು ಹೇಳುವ ಮೊದಲು ಅವರ ಕಾರಿನ ಹತ್ತಿರ ಹೋಗಿ ಅದರ ಮೇಲೆ ಏನು ಕೂತಿದೆ ಎಂದು ನೋಡುತ್ತೇನೆ. ಉತ್ತರ ಅಲ್ಲಿಯೇ ಇರುತ್ತದೆ.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್; ತಲೆಕೂದಲಿಗಿಂತಲೂ ತೆಳು. ನಾವು ಹೊಳಪು ಎಂದು ಮೆಚ್ಚುವುದೆಲ್ಲ ಈ ಪದರದ ನುಣುಪು. ಅದರ ಮೇಲೆ ಕೂರುವ ಧೂಳಿನಲ್ಲಿ ಗ್ರಾನೈಟ್ ಪುಡಿ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿ ತಯಾರಿಸಿದ ಮರಳು), ರಸ್ತೆಯ ಮಣ್ಣು ಎಲ್ಲವೂ ಇರುತ್ತವೆ. ಇವುಗಳಲ್ಲಿರುವ ಸ್ಫಟಿಕ ಶಿಲೆಯ ಕಣ ಮೋಸ್ ಗಡಸುತನದ ಅಳತೆಯಲ್ಲಿ 7. ಚಾಕುವಿನ ಉಕ್ಕು ಕೂಡ ಅಷ್ಟು ಗಡಸಲ್ಲ. ಒಣ ಬಟ್ಟೆಯಲ್ಲಿ ಈ ಧೂಳನ್ನು ಒರೆಸುವುದೆಂದರೆ ಕಾರಿಗೆ ಉಪ್ಪುಕಾಗದ ತಿಕ್ಕಿದ ಹಾಗೆಯೇ. ಹಾಗೆ ಮೂಡಿದ ಸುತ್ತು ಗೆರೆಗಳನ್ನು ತೆಗೆಯಬೇಕಾದರೆ ಮೆಷಿನ್ ಪಾಲಿಶ್ ಮಾಡಿಸಬೇಕು, ಪ್ರತಿ ಪಾಲಿಶ್ ಕ್ಲಿಯರ್ ಕೋಟನ್ನೇ ಒಂದಿಷ್ಟು ಸವೆಸುತ್ತದೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ಆದ್ದರಿಂದ ಕಾರಿನ ಹುಚ್ಚಿರುವ ನಮ್ಮಂಥವರು ಇಂಥ ಸ್ಪ್ರೇಯಿಂದ ಮೊದಲು ಬಯಸುವುದು ಹೊಳಪನ್ನಲ್ಲ, ಜಾರುಗುಣವನ್ನು. ಬಾಟಲಿಯೊಳಗಿನ ಬಹುಪಾಲು ನೀರೇ. ಅದರೊಂದಿಗೆ ಕೊಳೆಯನ್ನು ಸಡಿಲಿಸುವ ಸರ್ಫ್ಯಾಕ್ಟಂಟ್‌ಗಳು, ಕಣವನ್ನು ಸುತ್ತುವರಿದು ಜಾರಿಸುವ ಪಾಲಿಮರ್‌ಗಳು, ಕೆಲವುದರಲ್ಲಿ ಕಾರ್ನೌಬಾ ಮೇಣ ಅಥವಾ ಸಿಲಿಕೋನ್ ಇರುತ್ತವೆ. ಧೂಳಿನ ಕಣ ಬಟ್ಟೆಯೊಂದಿಗೆ ಎದ್ದು ಬರುವಷ್ಟು ಹೊತ್ತು ಕಣಕ್ಕೂ ಕ್ಲಿಯರ್ ಕೋಟಿಗೂ ನಡುವೆ ಒಂದು ಜಾರುವ ಪದರ ನಿಲ್ಲಬೇಕು. ಇಡೀ ಕೆಲಸ ನಿಂತಿರುವುದು ಇದರ ಮೇಲೆ.

ಬೆರಳಲ್ಲೇ ಇದನ್ನು ಪರೀಕ್ಷಿಸಬಹುದು. ಎರಡು ಹನಿ ತೆಗೆದುಕೊಂಡು ಹೆಬ್ಬೆರಳು, ತೋರುಬೆರಳುಗಳ ನಡುವೆ ಉಜ್ಜಿ. ನುಣ್ಣಗೆ ಜಾರುತ್ತಾ ಹೋದರೆ ಒಳ್ಳೆಯದು. ಬರೀ ನೀರಿನಂತೆ ಅನಿಸಿ ಬೇಗ ಕೀಚಲು ಸದ್ದು ಬಂದರೆ ಅದು ಪರಿಮಳ ಬೆರೆಸಿದ ಸೋಪಿನ ನೀರು, ಗಾಜಿಗಷ್ಟೇ ಇರಲಿ. ನಂತರ ಒಂದು ಗಾಜಿನ ಲೋಟದ ಮೇಲೆ ಸಿಂಪಡಿಸಿ ಒರೆಸದೆ ಒಣಗಲು ಬಿಡಿ. ದಟ್ಟ ಮಚ್ಚೆ ಉಳಿದರೆ ಕಪ್ಪು ಕಾರಿನ ಮೇಲೂ ಉಳಿಯುತ್ತದೆ. ಮುಟ್ಟಿದರೆ ಅಂಟಂಟು ಎನಿಸಿದರೆ ಆ ಬಾಟಲಿಯನ್ನು ನಾನು ಕಾರಿನ ಹತ್ತಿರವೂ ತರುವುದಿಲ್ಲ. ಎಣ್ಣೆಯಂಶ ಹೆಚ್ಚಿರುವ ಸ್ಪ್ರೇ ಸಣ್ಣ ಗೆರೆಗಳನ್ನು ತುಂಬಿ ಎರಡು ದಿನ ಕಾರನ್ನು ಮಿರಮಿರ ಮಿಂಚಿಸುತ್ತದೆ. ಮೂರನೇ ದಿನ ಅದೇ ಜಿಡ್ಡಿಗೆ ಧೂಳು ಮೆತ್ತಿಕೊಳ್ಳುತ್ತದೆ.

ಕೊನೆಯದಾಗಿ ಬಂಪರಿನ ಅಡಿಭಾಗದ ಕಪ್ಪು ಪ್ಲಾಸ್ಟಿಕ್ ಮೇಲೆ ಒಂದು ಮೂಲೆಯಲ್ಲಿ ಹಾಕಿ ನೋಡಿ. ಒಣಗಿದ ಮೇಲೆ ಬಿಳಿಚಿಕೊಳ್ಳಬಾರದು. ಬಣ್ಣದ ಮೇಲೆ ಸೆರಾಮಿಕ್ ಕೋಟಿಂಗ್ ಎಂಬ ಗಟ್ಟಿ ರಕ್ಷಣಾ ಪದರ ಹಾಕಿಸಿದವರು ಮೇಣವಿಲ್ಲದ ಸ್ಪ್ರೇ ಆರಿಸಿಕೊಳ್ಳಲಿ. ಕೋಟಿಂಗ್ ಮೇಲೆ ಮೇಣ ಕೂತರೆ ಮಳೆನೀರು ಮುತ್ತಾಗಿ ಉರುಳಿ ಹೋಗುವ ಗುಣ ಮಸುಕಾಗುತ್ತದೆ. ಮ್ಯಾಟ್ ಬಣ್ಣದ ಕಾರಿಗೆ ಮೇಣ, ಹೊಳಪು ಎರಡೂ ಬೇಡ.

ಅಂಗಡಿಯಲ್ಲಿ ಎರಡು ಬಗೆಯ ವಸ್ತುಗಳು ಸಿಗುತ್ತವೆ, ಜನ ಎರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಮೆಗ್ವಯರ್ಸ್ ಕಂಪನಿಯ ಅಲ್ಟಿಮೇಟ್ ವಾಟರ್‌ಲೆಸ್ ವಾಶ್ ಅಂಡ್ ವ್ಯಾಕ್ಸ್‌ನಂಥವು ನೇರವಾಗಿ ಸಿಂಪಡಿಸಿ ಒರೆಸಲು ಸಿದ್ಧವಾಗಿ ಬರುತ್ತವೆ. ಇನ್ನೊಂದು ರಿನ್ಸ್‌ಲೆಸ್ ಬಗೆ. ಆಪ್ಟಿಮಮ್ ನೋ ರಿನ್ಸ್ ಇದಕ್ಕೆ ಹೆಸರುವಾಸಿ. ಇದನ್ನು ನೀರಿಗೆ ಬೆರೆಸಬೇಕು: ಸುಮಾರು ನಾಲ್ಕು ಲೀಟರ್ ನೀರಿಗೆ 15 ಮಿಲಿ ಸಾಕು, ಅಂದರೆ 1:256. ಆ ಬಕೆಟ್‌ನಲ್ಲಿ ಬಟ್ಟೆ ಅದ್ದಿ ಒರೆಸಿ, ಒಣಗಿಸಿದರೆ ಮುಗಿಯಿತು; ಮತ್ತೆ ನೀರು ಸುರಿಯಬೇಕಿಲ್ಲ. ನೀರು ಬೆರೆಸದ ಮೂಲ ದ್ರವವನ್ನೇ 1:16ರಲ್ಲಿ, ಅರ್ಧ ಲೀಟರಿಗೆ 30 ಮಿಲಿಯಂತೆ ಬೆರೆಸಿ ಸ್ಪ್ರೇ ಬಾಟಲಿಗೆ ತುಂಬಿದರೆ ನೀರಿಲ್ಲದ ತೊಳೆತಕ್ಕೂ ಆಗುತ್ತದೆ. ನನ್ನ ಮಟ್ಟಿಗೆ ನಮ್ಮ ಊರಿಗೆ ಹೆಚ್ಚು ಹೊಂದುವುದು ಈ ಎರಡನೆಯದು. ಧೂಳು ಹೆಚ್ಚಿರುವ ದಿನ ಬಕೆಟ್, ಕಡಿಮೆ ಇರುವ ದಿನ ಬಾಟಲಿ. ಒಂದೇ ಖರೀದಿಯಲ್ಲಿ ಎರಡೂ ಕೆಲಸ.

ಬೆರೆಸುವ ನೀರಿನ ವಿಷಯದಲ್ಲಿ ಎಚ್ಚರ ಬೇಕು. ನಮ್ಮ ಕೊಳವೆಬಾವಿಯ ನೀರು ಗಡಸು, ಒಣಗಿದಲ್ಲೆಲ್ಲ ಸುಣ್ಣದ ಬಿಳಿ ಚುಕ್ಕೆ ಬಿಡುತ್ತದೆ. ಆರ್‌ಒ ಯಂತ್ರದಿಂದ ಹೊರಹೋಗುವ ನೀರನ್ನು ಹಿಡಿದಿಟ್ಟು ಕಾರಿಗೆ ಬಳಸುವವರಿದ್ದಾರೆ. ಉಳಿತಾಯದ ಮನಸ್ಸು ದೊಡ್ಡದು, ಆದರೆ ಆ ನೀರಿನಲ್ಲಿ ಲವಣಾಂಶ ಇನ್ನೂ ಹೆಚ್ಚಿರುತ್ತದೆ. ನೆಲ ಒರೆಸಲು ಬಳಸಿ, ಕಾರಿಗೆ ಬೇಡ. ಅರ್ಧ ಲೀಟರಿನ ಬಾಟಲಿಗೆ ಶುದ್ಧೀಕರಿಸಿದ ಆರ್‌ಒ ನೀರನ್ನೇ ಹಾಕಬಹುದು, ಇಲ್ಲವೇ ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರ್ ತರಬಹುದು. ಬಕೆಟ್‌ಗೆ ನಾನು ಎ.ಸಿ.ಯಿಂದ ತೊಟ್ಟಿಕ್ಕುವ ನೀರನ್ನು ಹಿಡಿದಿಡುತ್ತೇನೆ. ಅದರಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ.

ಇನ್ನು ಒರೆಸುವ ಕೆಲಸ. ಕಾರು ನೆರಳಿನಲ್ಲಿರಬೇಕು. ಬೋನೆಟ್ ಮೇಲೆ ಹಿಂಗೈ ಇಡಿ. ಬಿಸಿ ತಾಗಿದರೆ ಕಾಯಿರಿ. ಬಿಸಿ ತಗಡಿನ ಮೇಲೆ ದ್ರಾವಣ ಕ್ಷಣದಲ್ಲಿ ಒಣಗಿ, ಜಾರುವ ಪದರವೇ ಇಲ್ಲವಾಗುತ್ತದೆ. ಬಟ್ಟೆ ಮೈಕ್ರೋಫೈಬರ್ ಆಗಿರಲಿ, 350ರಿಂದ 500 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ) ತೂಕದ್ದು, ಎಳೆಗಳು ಉದ್ದವಾಗಿ ಮೆತ್ತಗಿರುವಂಥದ್ದು. ಧೂಳಿನ ಕಣ ಆ ಎಳೆಗಳೊಳಗೆ ಇಳಿದು ಅಡಗುತ್ತದೆ. ಚಪ್ಪಟೆ ಹತ್ತಿ ಬಟ್ಟೆಯಲ್ಲಿ ಅದಕ್ಕೆ ಅಡಗಲು ಜಾಗವೇ ಇಲ್ಲ. ಹಳೆಯ ಬನಿಯನ್ ಎಷ್ಟೇ ಮೆತ್ತಗಿದ್ದರೂ ಬೇಡ.

40 ಸೆಂಟಿಮೀಟರ್ ಚೌಕದ ಬಟ್ಟೆಯನ್ನು ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ. ಹೊರಳಿಸಿ ಬಿಚ್ಚಿ ಮಡಚುತ್ತಾ ಹೋದರೆ ಎಂಟು ಮುಖಗಳು ಸಿಗುತ್ತವೆ. ಒಂದು ಬಾಗಿಲು ಅಥವಾ ಅರ್ಧ ಬೋನೆಟ್‌ನಷ್ಟು ಜಾಗಕ್ಕೆ ಧಾರಾಳವಾಗಿ ಸಿಂಪಡಿಸಿ. ಹನಿಗಳು ಒಂದಕ್ಕೊಂದು ಕೂಡಿ ಕೆಳಗಿಳಿಯಬೇಕು. ಬಟ್ಟೆಯ ಮುಖಕ್ಕೂ ಒಂದೆರಡು ಸಲ ಹೊಡೆಯಿರಿ. ಅರ್ಧ ನಿಮಿಷ ಬಿಡಿ. ಆಮೇಲೆ ಬಟ್ಟೆಯನ್ನು ಅದರ ಭಾರದಲ್ಲೇ ಇಟ್ಟು ಒಂದೇ ದಿಕ್ಕಿಗೆ ನೇರವಾಗಿ ಎಳೆಯಿರಿ. ಒತ್ತಬೇಡಿ, ಸುತ್ತು ಹಾಕಬೇಡಿ, ಹಿಂದಕ್ಕೂ ಮುಂದಕ್ಕೂ ಉಜ್ಜಬೇಡಿ. ಎಳೆಯುವಾಗ ಬಟ್ಟೆಯ ಮುಂದಿನ ಅಂಚನ್ನು ಹಗುರವಾಗಿ ಮೇಲಕ್ಕೆ ಹೊರಳಿಸಿದರೆ ಹಿಡಿದ ಧೂಳು ಬಟ್ಟೆಯೊಳಗೆ ಸುತ್ತಿಕೊಂಡು ಹೋಗುತ್ತದೆ. ಒಂದೆರಡು ಎಳೆತಕ್ಕೆ ಒಂದು ಮುಖ. ತಿರುಗಿಸಿ ನೋಡಿದರೆ ಬೂದು ಪಟ್ಟಿ ಕಾಣುತ್ತದೆ. ಆ ಮುಖ ಮತ್ತೆ ಬಣ್ಣ ಮುಟ್ಟಬಾರದು. ಹಿಂದೆಯೇ ಇನ್ನೊಂದು ಒಣ ಬಟ್ಟೆಯಿಂದ ಉಳಿದ ತೇವವನ್ನು ತೆಗೆಯಿರಿ. ಎಂಟೂ ಮುಖ ಮುಗಿದ ಬಟ್ಟೆ ಪಕ್ಕಕ್ಕೆ. ಅದನ್ನು ಕೊಡವಿ ಮತ್ತೆ ಬಳಸುವ ಆಸೆ ಬೇಡ.

ಸೂರಿನಿಂದ ಶುರು ಮಾಡಿ, ಬೋನೆಟ್, ಡಿಕ್ಕಿ, ಬಾಗಿಲಿನ ಮೇಲ್ಭಾಗ, ಕೊನೆಗೆ ಬಾಗಿಲಿನ ಅಡಿ ಮತ್ತು ಬಂಪರ್. ಅತಿ ಹೆಚ್ಚು ಮರಳು ಕೂರುವುದು ಚಕ್ರದ ಹಿಂದಿನ ಭಾಗ ಮತ್ತು ಹಿಂದಿನ ಬಂಪರಿನಲ್ಲಿ, ಅಲ್ಲಿಗೆ ಬೇರೆಯೇ ಬಟ್ಟೆ. ಚಕ್ರಕ್ಕೆ ಇನ್ನೂ ಬೇರೆ. ಬ್ರೇಕಿನ ಧೂಳಿನಲ್ಲಿ ಕಬ್ಬಿಣದ ಕಣಗಳಿರುತ್ತವೆ. ಮೇಣ ಅಥವಾ ಸಿಲಿಕೋನ್ ಇರುವ ಸ್ಪ್ರೇಯನ್ನು ಯಾವ ಕಾರಣಕ್ಕೂ ಬ್ರೇಕ್ ಡಿಸ್ಕ್ ಮೇಲೆ ಬೀಳಿಸಬೇಡಿ, ಜಾರುವ ಡಿಸ್ಕ್ ಪ್ರಾಣಕ್ಕೆ ಕುತ್ತು. ಚಕ್ರಕ್ಕೆ ಸಿಂಪಡಿಸುವ ಬದಲು ಬಟ್ಟೆಗೆ ಸಿಂಪಡಿಸಿ ಒರೆಸಿ. ಮುಂದಿನ ಗಾಜಿಗೂ ಮೇಣದ ಸ್ಪ್ರೇ ಸಲ್ಲದು. ವೈಪರ್ ನಡುಗುತ್ತದೆ, ರಾತ್ರಿ ಮಳೆಯಲ್ಲಿ ಎದುರಿನ ದೀಪ ಹರಡಿ ಕಾಣುತ್ತದೆ. ಒಂದು ಸೆಡಾನ್‌ಗೆ ಕಾಲು ಲೀಟರಿನ ಆಸುಪಾಸು ದ್ರಾವಣ, ಆರರಿಂದ ಎಂಟು ಬಟ್ಟೆ ಬೇಕಾಗುತ್ತದೆ. ಸ್ಪ್ರೇಯಲ್ಲಿ ಜಿಪುಣತನ ಮಾಡಿದವರಿಗೇ ಗೆರೆ ಬೀಳುವುದು.

ಕೆಲವು ಕೊಳೆ ತೆಗೆಯಲು ತಡಮಾಡುವಂತಿಲ್ಲ. ಹಕ್ಕಿಯ ಹಿಕ್ಕೆಯಲ್ಲಿ ಆಮ್ಲವಿರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ಒಂದು ಮಧ್ಯಾಹ್ನ ಬಿಟ್ಟರೂ ಕ್ಲಿಯರ್ ಕೋಟಿನಲ್ಲಿ ಗುರುತು ಮೂಡಬಹುದು. ಅದರ ಮೇಲೆ ಒದ್ದೆ ಟಿಶ್ಯೂ ಹಾಸಿ, ದ್ರಾವಣ ಸಿಂಪಡಿಸಿ, ಐದು ನಿಮಿಷ ನೆನೆಯಲು ಬಿಟ್ಟು, ಮೇಲಕ್ಕೆ ಎತ್ತಿ ತೆಗೆಯಿರಿ. ಹೊಂಗೆ, ಮಳೆಮರಗಳ ಕೆಳಗೆ ನಿಲ್ಲಿಸಿದ ಕಾರಿಗೆ ಬೀಳುವ ಅಂಟು ಹನಿಗಳಿಗೂ ಇದೇ ಉಪಾಯ. ಇದಕ್ಕಾಗಿ ಒಂದು ಪುಟ್ಟ ಬಾಟಲಿ, ಒಂದು ಬಟ್ಟೆ ಕಾರಿನಲ್ಲೇ ಇರಲಿ.

ನೀರಿಲ್ಲದೆ ಮುಟ್ಟಲೇಬಾರದ ಕಾರೂ ಉಂಟು. ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಮಳೆಗಾಲದಲ್ಲಿ ಹೋಗಿ ಬಂದ ಕಾರಿನ ಅಡಿಯಲ್ಲಿ ಕೆಂಪು ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಯಾವ ಬಾಟಲಿಯೂ ಅದಕ್ಕೆ ಮದ್ದಲ್ಲ, ಬಾಟಲಿಯ ಮೇಲೆ ಏನೇ ಬರೆದಿರಲಿ. ಸಿಮೆಂಟ್ ಧೂಳು ಕೂತು ಅದರ ಮೇಲೆ ಇಬ್ಬನಿ ಬಿದ್ದು ಒಣಗಿದ ಕಾರಿಗೂ ಇದೇ ಮಾತು. ಬೆರಳ ತುದಿಯಿಂದ ಹಗುರವಾಗಿ ಸವರಿದಾಗ ಕಣಗಳು ಬೆರಳಿಗೆ ಸಿಗುತ್ತವೆ ಎಂದರೆ ಅದು ಒರೆಸುವ ಹಂತ ದಾಟಿದೆ ಎಂದೇ ಲೆಕ್ಕ. ಆದೇಶದಲ್ಲಿ ನಿಷೇಧವಿರುವುದು ಕುಡಿಯುವ ನೀರಿಗೆ. ಸಂಸ್ಕರಿಸಿದ ನೀರು ಬಳಸುವ ವಾಶಿಂಗ್ ಕೇಂದ್ರಕ್ಕೆ ಕೊಂಡೊಯ್ಯಿರಿ. ಅದೂ ಆಗದಿದ್ದರೆ ಗಿಡಕ್ಕೆ ಔಷಧಿ ಹೊಡೆಯುವ ಎರಡು ಲೀಟರಿನ ಪಂಪು ಸ್ಪ್ರೇಯರ್ ಒಂದನ್ನು ಕಾರಿಗೆಂದೇ ಹೊಸದಾಗಿ ಕೊಂಡು, ಅದರಲ್ಲಿ ರಿನ್ಸ್‌ಲೆಸ್ ದ್ರಾವಣ ತುಂಬಿ, ಕೆಸರನ್ನು ಮುಟ್ಟದೆ ನೆನೆಸಿ ಇಳಿಸಿ. ಎರಡು ಮೂರು ಸಲ ಹೀಗೆ ಮಾಡಿದ ಮೇಲಷ್ಟೇ ಬಟ್ಟೆ ಹಿಡಿಯಿರಿ.

ನಮ್ಮಲ್ಲಿ ಬಹಳಷ್ಟು ಕಾರುಗಳನ್ನು ಒರೆಸುವುದು ಮಾಲೀಕರಲ್ಲ, ಬೆಳಗ್ಗೆ ಬಕೆಟ್ ಹಿಡಿದು ಬರುವವರು. ಒಂದೇ ಬಕೆಟ್, ಒಂದೇ ಬಟ್ಟೆಯಲ್ಲಿ ಸಾಲಾಗಿ ನಿಂತ ಕಾರುಗಳನ್ನೆಲ್ಲ ಎಂಟು ಗಂಟೆಯೊಳಗೆ ಮುಗಿಸಬೇಕಾದ ಒತ್ತಡ ಅವರದು. ಗೆರೆ ಬಿತ್ತೆಂದು ಅವರನ್ನು ಬಯ್ಯುವುದು ಅನ್ಯಾಯ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕಾರು ಒರೆಸುವವರಿಗೆ ನನ್ನ ಬಾಟಲಿ, ಬಟ್ಟೆ ಕೊಟ್ಟು ಮಡಚುವ ಬಗೆ ತೋರಿಸಿದಾಗ ಅವರು, “ಹೀಗಾದರೆ ತುಂಬಾ ಹೊತ್ತು ಹಿಡಿಯುತ್ತದೆ ಸಾರ್” ಎಂದರು. “ದಿನಾ ಬೇಡ ಅಣ್ಣ, ವಾರಕ್ಕೆರಡು ಸಲ ಸಾಕು, ನಿಧಾನವಾಗಿ ಮಾಡಿ, ದುಡ್ಡು ಅಷ್ಟೇ ಕೊಡುತ್ತೇನೆ” ಎಂದೆ. ಈಗ ಬಟ್ಟೆಯ ಮುಖ ತಿರುಗಿಸುವುದರಲ್ಲಿ ಅವರ ಕೈ ನನ್ನದಕ್ಕಿಂತ ಚುರುಕು. ದಿನವೂ ಧೂಳು ಒರೆಸಿಸಿಕೊಳ್ಳುವ ಕಾರಿಗಿಂತ ವಾರಕ್ಕೆರಡು ಸಲ ಸರಿಯಾಗಿ ಒರೆಸಿಸಿಕೊಂಡ ಕಾರು ಹೆಚ್ಚು ಕಾಲ ಚೆನ್ನಾಗಿರುತ್ತದೆ.

ಕೆಲಸ ಚೆನ್ನಾಗಿದೆಯೇ ಎಂದು ನೋಡಲು ಮೊಬೈಲ್ ಟಾರ್ಚ್ ಹಿಡಿಯಿರಿ. ಬೆಳಕಿನ ಸುತ್ತ ಹೊಸ ಗೆರೆಗಳು ಕಂಡರೆ ಸ್ಪ್ರೇ ಕಡಿಮೆಯಾಗಿದೆ ಅಥವಾ ಬಟ್ಟೆಯ ಮುಖ ಬದಲಿಸಿಲ್ಲ. ಮಸುಕು ಮೋಡದಂತೆ ಕಂಡರೆ ಒಣ ಬಟ್ಟೆಯ ಕೆಲಸ ಅರೆಬರೆಯಾಗಿದೆ, ಮತ್ತೊಂದು ಶುಭ್ರ ಬಟ್ಟೆ ಸಾಕು.

ಬಟ್ಟೆಗಳನ್ನು ಒಗೆಯುವುದೂ ಈ ಕೆಲಸದ ಭಾಗವೇ. ಅವನ್ನು ಮನೆಯ ಹತ್ತಿ ಬಟ್ಟೆಗಳೊಂದಿಗೆ ಹಾಕಬೇಡಿ, ಹತ್ತಿಯ ಜುಂಗು ಎಳೆಗಳಿಗೆ ಸಿಕ್ಕಿಕೊಳ್ಳುತ್ತದೆ. ದ್ರವರೂಪದ ಡಿಟರ್ಜೆಂಟ್ ಸ್ವಲ್ಪವೇ ಹಾಕಿ, ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ ಒಗೆಯಿರಿ. ಬಟ್ಟೆ ಮೃದುವಾಗಿಸುವ ಪರಿಮಳದ ದ್ರವ ಬೇಡವೇ ಬೇಡ. ಎಳೆಗಳ ಮೇಲೆ ಅದರ ಪದರ ಕೂತು ಧೂಳು ಹಿಡಿಯುವ ಶಕ್ತಿ ಹೋಗುತ್ತದೆ. ನೆರಳಿನಲ್ಲಿ, ಧೂಳು ಬೀಳದ ಕಡೆ ಒಣಗಿಸಿ, ಮುಚ್ಚಳವಿರುವ ಡಬ್ಬಿಯಲ್ಲಿಡಿ. ಒರೆಸುವಾಗ ಕೈಜಾರಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಒಗೆಯುವ ತನಕ ಬಣ್ಣದ ಮೇಲೆ ಇಡಬೇಡಿ, ಅಂಚಿನಲ್ಲಿ ಒಂದು ಗಂಟು ಹಾಕಿ ಚಕ್ರದ ಬಟ್ಟೆಗಳ ಜೊತೆ ಸೇರಿಸಿ.