ಚೀನಾದ ರೇಷ್ಮೆ ಅಗ್ಗವಾದಾಗ ಮಳವಳ್ಳಿಯಲ್ಲಿ ಲೆಕ್ಕ ಹಾಕುವುದು ಹೇಗೆ?

ಹುಳ ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯಿಂದ ರೇಷ್ಮೆಗೂಡು ಬಿಡಿಸಿದ ಮೇಲೆ ರೈತನ ಕೈಲಿರುವುದು ಕೆಲವೇ ದಿನ. ತಡವಾದರೆ ಒಳಗಿನ ಹುಳ ಪತಂಗವಾಗಿ ಗೂಡು ತೂತು ಮಾಡಿಕೊಂಡು ಹೊರಬರುತ್ತದೆ, ಆ ಗೂಡಿನಿಂದ ನೂಲು ಎಳೆ ಮುರಿಯದೆ ಬಿಚ್ಚದು. ವ್ಯಾಪಾರಿ ತಿಂಗಳುಗಟ್ಟಲೆ ದಾಸ್ತಾನು ಇಟ್ಟು ಕಾಯಬಲ್ಲ, ಮಳವಳ್ಳಿ, ಮದ್ದೂರಿನ ಬೆಳೆಗಾರ ಕಾಯಲಾರ. ವಿದೇಶಿ ಬೆಲೆಯ ಏಟು ಮೊದಲು ಇವನಿಗೇ ಬೀಳುವುದು ಅದಕ್ಕೆ.

ಬೆಲೆ ಬಿದ್ದಾಗ ಮೊದಲು ಆಮದು ಸುಂಕ ನೋಡಿ. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿತು. ಗೂಡಿನ ಬೆಲೆ ಕುಸಿದು ರೈತರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು.

ಆಮೇಲೆ ಡಾಲರ್ ನೋಡಿ. ಹೊರಗಿನ ರೇಷ್ಮೆ ಕೆ.ಜಿ.ಗೆ 40 ಡಾಲರ್, ಡಾಲರಿಗೆ 80 ರೂಪಾಯಿ ಎಂದಿಟ್ಟುಕೊಳ್ಳಿ. ಶೇ 15ರ ಸುಂಕ ಸೇರಿದರೆ 3,680 ರೂಪಾಯಿ, ಶೇ 5 ಆದರೆ 3,360. ಒಂದು ಕೆ.ಜಿ. ನೂಲಿಗೆ ಸುಮಾರು 7 ಕೆ.ಜಿ. ಗೂಡು ಬೇಕು. ಅಂದರೆ ಗೂಡಿನ ಕೆ.ಜಿ.ಗೆ 45 ರೂಪಾಯಿಯಷ್ಟು ಪೆಟ್ಟು. ಡಾಲರ್ 85ಕ್ಕೇರಿದರೆ ಅದೇ ಶೇ 5ರ ಸುಂಕದಲ್ಲೂ ಹೊರಗಿನ ರೇಷ್ಮೆ 3,570 ರೂಪಾಯಿ ಮುಟ್ಟುತ್ತದೆ. ಕಳೆದುಕೊಂಡದ್ದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ವಾಪಸ್ಸು ಬಂತು. ಡೀಸೆಲ್, ಗೊಬ್ಬರ ತುಟ್ಟಿಯಾಗುವುದೂ ಆಗಲೇ ಎನ್ನುವುದು ನೆನಪಿರಲಿ.

ನೇಕಾರನ ಲೆಕ್ಕ ಬೇರೆ. ಅವನಿಗೆ ಅಗ್ಗದ ನೂಲು ಅನ್ನ. ಹಾಸು ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ನೂಲು; ಅದಕ್ಕೆ ಗಟ್ಟಿಯಾದ, ಒಂದೇ ಸಮನಾದ ಎಳೆ ಬೇಕು, ಚೀನಾದ ನೂಲು ಗೆದ್ದಿದ್ದು ಅಲ್ಲೇ. ನಮ್ಮ ಮಿಶ್ರತಳಿ ನೂಲು ಹೆಚ್ಚಾಗಿ ಹೊಕ್ಕಿಗೆ, ಅಂದರೆ ಅಡ್ಡ ನೂಲಿಗೆ, ಹೋಗುತ್ತದೆ. ಸುಂಕ ಕೇಳುವುದು ನ್ಯಾಯವೇ, ಆದರೆ ಹಾಸಿನ ಜಾಗ ಹಿಡಿಯಬೇಕಾದರೆ ಗಟ್ಟಿ, ಸಮನಾದ ಎಳೆ ಕೊಡುವ ಬೈವೋಲ್ಟೀನ್ ತಳಿಯ ಹುಳ ಸಾಕಲೇಬೇಕು.

ಇನ್ನು ಮನೆಯ ಲೆಕ್ಕ. ಬೆಲೆ ಬಿದ್ದ ಸಿಟ್ಟಿನಲ್ಲಿ ಹಿಪ್ಪುನೇರಳೆ ಕೀಳಬೇಡಿ. ಚೆನ್ನಾಗಿ ನೋಡಿಕೊಂಡರೆ ಆ ತೋಟ ಹತ್ತು ಹದಿನೈದು ವರ್ಷ ಬಾಳುತ್ತದೆ. ಕಿತ್ತು ಕಬ್ಬು ಹಾಕಿದವರು ಕಟಾವಿಗೆ ವರ್ಷ ಕಾಯಬೇಕು. ಅಷ್ಟರಲ್ಲಿ ಗೂಡಿನ ಬೆಲೆ ಏರಿದರೆ ಮತ್ತೆ ಕಡ್ಡಿ ನೆಟ್ಟು ಸೊಪ್ಪಿಗೆ ತಿಂಗಳುಗಟ್ಟಲೆ ಕಾಯಬೇಕು. ಅದರ ಬದಲು ಎರಡು ಬೆಳೆಗೆ ಹುಳದ ಮೊಟ್ಟೆ ಅರ್ಧಕ್ಕಿಳಿಸಿ, ಮಿಕ್ಕ ಸೊಪ್ಪು ಪಕ್ಕದವರಿಗೆ ಮಾರಿ, ಕೂಲಿ ಖರ್ಚು ಮನೆಯವರ ಕೈಗೆ ತಂದುಕೊಳ್ಳಿ. ಚಾಕಿ ಹುಳಕ್ಕೆ, ಅಂದರೆ ಸಾಕಲು ತರುವ ಮರಿಹುಳಕ್ಕೆ, ಹೇಳುವ ಹಿಂದಿನ ದಿನ ರಾಮನಗರದ ಮಾರ್ಕೆಟ್ಟಿನ ಬೆಲೆ ಕೇಳಿ, ಒಂದು ಚೀಟಿಯಲ್ಲಿ ಬರೆದು ಹುಳದ ಮನೆಯ ಬಾಗಿಲಿಗೆ ಸಿಕ್ಕಿಸಿಡಿ.