ಆ ಪದ ಇಲ್ಲಿ ಏನು ಕೆಲಸ ಮಾಡುತ್ತಿದೆ?

ಇಂಗ್ಲಿಷ್ ವ್ಯಾಕರಣ ಅಂದ ಕೂಡಲೇ ಮಕ್ಕಳು ಪದಗಳ ಎಂಟು ಬಗೆಯ (ಪಾರ್ಟ್ಸ್ ಆಫ್ ಸ್ಪೀಚ್) ಹೆಸರು ಪಟಪಟನೆ ಹೇಳುತ್ತಾರೆ. ನೌನ್, ಪ್ರೊನೌನ್, ವರ್ಬ್, ಅಡ್ಜೆಕ್ಟಿವ್, ಅಡ್ವರ್ಬ್, ಪ್ರಿಪೊಸಿಷನ್, ಕಂಜಂಕ್ಷನ್, ಇಂಟರ್‌ಜೆಕ್ಷನ್. ಒಂದೂ ತಪ್ಪುವುದಿಲ್ಲ. ಆದರೆ ಒಂದು ವಾಕ್ಯ ಮುಂದಿಟ್ಟು 'ಇದರಲ್ಲಿ ನೌನ್ ಯಾವುದು' ಅಂತ ಕೇಳಿದರೆ ತಡವರಿಸುತ್ತಾರೆ. ಸೊರಬ, ಹೊಸನಗರದ ಹಳ್ಳಿ ಶಾಲೆಗಳಲ್ಲಿ ಮಾತ್ರ ಈ ಕಷ್ಟ ಅಂದುಕೊಳ್ಳಬೇಡಿ. ಶಿವಮೊಗ್ಗ ಪೇಟೆಯ ಇಂಗ್ಲಿಷ್ ಮೀಡಿಯಂ ಮಕ್ಕಳಿಗೂ ಇದೆ.

ಪದಕ್ಕೆ ಹುಟ್ಟಿನಿಂದಲೇ ಒಂದು ಹೆಸರು ಅಂಟಿಕೊಂಡಿದೆ ಅಂತ ನಂಬುವುದೇ ಇದಕ್ಕೆ ಕಾರಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಶುರುವಾಯಿತು. ಅಲ್ಲಿ ತಯಾರಾದ 'ಐರನ್' ನೌನ್. ಸರಿ, 'ಐ ಐರನ್ ಮೈ ಶರ್ಟ್' ಅಂದಾಗ? ಅದೇ ಪದ, ಅದೇ ಸ್ಪೆಲಿಂಗ್. ಆದರೆ ಇಲ್ಲಿ ಅದು ಬಟ್ಟೆ ತಿಕ್ಕುವ ಕೆಲಸ, ಅಂದರೆ ವರ್ಬ್. ಹಾಗಾಗಿ ಪದವನ್ನು ಒಂಟಿಯಾಗಿ ನೋಡಿ ಹೆಸರು ಹೇಳಲೇಬೇಡಿ. ವಾಕ್ಯ ಪೂರ್ತಿ ಓದಿ, ಆಮೇಲೆ ಹೇಳಿ.

ಒಂದು ವಾಕ್ಯ ತೆಗೆದುಕೊಳ್ಳೋಣ. ಸಕ್ರೆಬೈಲಿನ ಆನೆ ಬಿಡಾರದಲ್ಲಿ ಬೆಳಿಗ್ಗೆ ಆನೆಗಳು ತುಂಗೆಯ ನೀರಿಗೆ ಇಳಿಯುವುದನ್ನು ನೀವು ನೋಡಿರಬಹುದು.

'ಓಹ್! ದಿ ಓಲ್ಡ್ ಎಲಿಫೆಂಟ್ ವಾಕ್ಡ್ ಸ್ಲೋಲಿ ಇನ್‌ಟು ದ ರಿವರ್ ಅಂಡ್ ಇಟ್ ಡ್ರ್ಯಾಂಕ್ ವಾಟರ್.'

ಎಂಟು ಬಗೆಯೂ ಇದರಲ್ಲಿವೆ.

ಮೊದಲು ವರ್ಬ್ ಹಿಡಿಯಿರಿ

ಎಲ್ಲರೂ ನೌನ್‌ನಿಂದ ಶುರು ಮಾಡುತ್ತಾರೆ. ನನ್ನ ಪ್ರಕಾರ ವರ್ಬ್‌ನಿಂದ ಶುರು ಮಾಡುವುದೇ ಸುಲಭ. ವಾಕ್ಯದ ಕಾಲ ಬದಲಿಸಿ ನೋಡಿ. ನಿನ್ನೆ ನಡೆದದ್ದನ್ನು 'ಎವ್ರಿ ಡೇ' ಅಂತ ಮಾಡಿ. 'ವಾಕ್ಡ್' ಹೋಗಿ 'ವಾಕ್ಸ್' ಬರುತ್ತದೆ. 'ಡ್ರ್ಯಾಂಕ್' ಹೋಗಿ 'ಡ್ರಿಂಕ್ಸ್' ಬರುತ್ತದೆ. ಉಳಿದ ಪದಗಳು ಇದ್ದ ಹಾಗೇ ಇರುತ್ತವೆ. ಕಾಲದ ಜೊತೆ ರೂಪ ಬದಲಿಸಿದ ಆ ಎರಡೇ ವರ್ಬ್.

'ಈಸ್', 'ಆರ್', 'ವಾಸ್' ಕೂಡ ವರ್ಬ್‌ಗಳೇ. ನಮ್ಮ ಮಕ್ಕಳು ಇವನ್ನು ಜಾಸ್ತಿ ಬಿಟ್ಟುಬಿಡುತ್ತಾರೆ. ಕನ್ನಡದಲ್ಲಿ 'ಇದು ಮನೆ' ಅಂದರೆ ಮಾತು ಮುಗಿಯಿತು, ಕ್ರಿಯಾಪದ ಬೇಕಿಲ್ಲ. ಇಂಗ್ಲಿಷಿನಲ್ಲಿ 'ದಿಸ್ ಈಸ್ ಎ ಹೌಸ್' ಅನ್ನಲೇಬೇಕು.

ಆಮೇಲೆ ಯಾರು, ಏನು ಅಂತ ಕೇಳಿ

ನಡೆದದ್ದು ಯಾರು? ಎಲಿಫೆಂಟ್. ಕುಡಿದದ್ದು ಏನು? ವಾಟರ್. ಎರಡೂ ನೌನ್. ಅನುಮಾನ ಬಂದರೆ ಪದಕ್ಕಿಂತ ಮೊದಲು 'ದ' ಇಟ್ಟು ಅಲ್ಲಿಗೇ ನಿಲ್ಲಿಸಿ. 'ದ ರಿವರ್' ಪೂರ್ತಿ ಅನ್ನಿಸುತ್ತದೆ. 'ದ ಸ್ಲೋಲಿ' ಕೂರುವುದಿಲ್ಲ. 'ದಿ ಓಲ್ಡ್' ಅಂದರೆ ಇನ್ನೇನೋ ಬರಬೇಕು ಅನ್ನಿಸುತ್ತದೆ ಅಲ್ವಾ? ಅದು ಎಂಥ ಆನೆ ಅಂತ ಹೇಳಲು ಬಂದ ಅಡ್ಜೆಕ್ಟಿವ್. ಕನ್ನಡ ವ್ಯಾಕರಣದಲ್ಲಿ ಗುಣವಾಚಕವನ್ನೂ ಸರ್ವನಾಮವನ್ನೂ ನಾಮಪದದ ಗುಂಪಿಗೇ ಸೇರಿಸಿ ಕಲಿಸುತ್ತೇವೆ. ಇಂಗ್ಲಿಷಿನಲ್ಲಿ ಅವು ಬೇರೆ ಬೇರೆ. ಇದನ್ನು ಮೊದಲೇ ಹೇಳಿಬಿಟ್ಟರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಹೇಗೆ ನಡೆಯಿತು? 'ಸ್ಲೋಲಿ'. ವರ್ಬ್ ಬಗ್ಗೆ ಹೇಳುವ ಇದು ಅಡ್ವರ್ಬ್. ಕೊನೆಗೆ 'ಲಿ' ಬಂದರೆ ಅಡ್ವರ್ಬ್ ಅಂತ ಸುಮ್ನೆ ನಂಬಿಬಿಡಬೇಡಿ. 'ಫ್ರೆಂಡ್ಲಿ', 'ಲವ್ಲಿ' ಅಡ್ಜೆಕ್ಟಿವ್‌ಗಳು.

ಇನ್ನು 'ಇನ್‌ಟು'. 'ಆನೆ ಹೊಳೆಗೆ ಇಳಿಯಿತು' ಅನ್ನಿ, 'ಹೊಳೆಗೆ ಇಳಿಯಿತು ಆನೆ' ಅನ್ನಿ, ಅರ್ಥ ಕೆಡುವುದಿಲ್ಲ. 'ಗೆ' ಅನ್ನುವ ಪ್ರತ್ಯಯ ಹೊಳೆಯ ಬೆನ್ನಿಗೇ ಅಂಟಿಕೊಂಡಿದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಒಂದು ಬಿಡಿ ಪದ ಮಾಡುತ್ತದೆ, ಅದೂ ನೌನ್‌ಗಿಂತ ಮೊದಲೇ ಬಂದು. ಅದೇ ಪ್ರಿಪೊಸಿಷನ್. ನಮ್ಮ 'ಗೆ', 'ಇಂದ', 'ಅಲ್ಲಿ' ಎಲ್ಲಿ ಬರುತ್ತವೆ ಅಂತ ನೋಡಿದರೆ ಅದು ಸಿಕ್ಕೇ ಸಿಗುತ್ತದೆ.

ಉಳಿದವು ಸುಲಭ. 'ಅಂಡ್' ಎರಡು ಮಾತು ಜೋಡಿಸಿದೆ, ಕಂಜಂಕ್ಷನ್. 'ಇಟ್' ಆನೆಯ ಬದಲು ನಿಂತಿದೆ, ಪ್ರೊನೌನ್. 'ಓಹ್' ಅಚ್ಚರಿಯ ಉದ್ಗಾರ, ಇಂಟರ್‌ಜೆಕ್ಷನ್. 'ದ' ಮಾತ್ರ ಬಾಕಿ. ಹಳೆಯ ವ್ಯಾಕರಣ ಪುಸ್ತಕಗಳು ಅದನ್ನು ಅಡ್ಜೆಕ್ಟಿವ್‌ಗೆ ಸೇರಿಸುತ್ತವೆ, ಹೊಸವು ಡಿಟರ್ಮಿನರ್ (ನೌನ್‌ಗೆ ಮೊದಲು ಬಂದು ಯಾವುದು ಅಂತ ಗುರುತಿಸುವ ಪದ) ಅಂತ ಬೇರೆ ಇಡುತ್ತವೆ. ಪರೀಕ್ಷೆಗೆ ನಿಮ್ಮ ಪಠ್ಯಪುಸ್ತಕ ಹೇಳಿದ್ದನ್ನೇ ಬರೆಯಿರಿ.

ನೌನ್‌ನಲ್ಲಿ ಯಾವ ಬಗೆ?

ಇದಕ್ಕೆ ಜೋಗಕ್ಕಿಂತ ಒಳ್ಳೆ ಪಾಠ ಬೇಕಿಲ್ಲ. ಶರಾವತಿ ಅಲ್ಲಿ 253 ಮೀಟರ್ ಎತ್ತರದಿಂದ ಬೀಳುತ್ತಾಳೆ. 'ಶರಾವತಿ' ಒಂದೇ ಹೊಳೆಯ ಹೆಸರು, ಪ್ರಾಪರ್ ನೌನ್. ನಮ್ಮ ಅಂಕಿತನಾಮ. 'ರಿವರ್' ಯಾವ ಹೊಳೆಗೂ ಸಲ್ಲುತ್ತದೆ, ಕಾಮನ್ ನೌನ್. ನಮ್ಮ ರೂಢನಾಮ. ಮಳೆಗಾಲದಲ್ಲಿ ನೋಡಲು ಬರುವ 'ಕ್ರೌಡ್' ಒಂದು ಗುಂಪಿನ ಹೆಸರು, ಕಲೆಕ್ಟಿವ್ ನೌನ್. ಬೀಳುವ 'ವಾಟರ್' ಒಂದು ದ್ರವ್ಯದ ಹೆಸರು, ಮೆಟೀರಿಯಲ್ ನೌನ್. ಅದರ 'ಬ್ಯೂಟಿ' ಮುಟ್ಟಲು ಸಿಗದು, ಅದು ಆಬ್‌ಸ್ಟ್ರಾಕ್ಟ್ ನೌನ್. ನಮ್ಮ ಭಾವನಾಮ.

ಜಲಪಾತದ ನಾಲ್ಕು ಸೀಳುಗಳ ಹೆಸರು ನೋಡಿ. ರಾಜ, ರಾಣಿ, ರೋರರ್, ರಾಕೆಟ್. 'ರೋರ್' ಅಂದರೆ ಗರ್ಜಿಸು, ವರ್ಬ್. ಅದಕ್ಕೆ 'ಅರ್' ಸೇರಿ 'ರೋರರ್' ಆಯಿತು, ಗರ್ಜಿಸುವುದು. 'ಟೀಚ್' ಹೋಗಿ 'ಟೀಚರ್' ಆದ ಹಾಗೆ. ಇಲ್ಲಿಯವರೆಗೆ ಕಾಮನ್ ನೌನ್. ಒಂದು ಸೀಳಿಗೆ ಅದನ್ನೇ ಹೆಸರಿಟ್ಟ ಮೇಲೆ ಪ್ರಾಪರ್ ನೌನ್. 'ರಾಕೆಟ್' ಕಥೆಯೂ ಅಷ್ಟೆ. ಆಕಾಶಕ್ಕೆ ಹಾರುವುದು ಕಾಮನ್, ಜೋಗದಲ್ಲಿ ಬೀಳುವುದು ಪ್ರಾಪರ್.

ಪ್ರಾಪರ್ ನೌನ್ ಬರೆಯುವಾಗ ಮೊದಲ ಅಕ್ಷರ ಕ್ಯಾಪಿಟಲ್ ಇರಬೇಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲದ್ದರಿಂದ ನಮ್ಮ ಮಕ್ಕಳಿಗೆ ಇದು ಕೈ ತಪ್ಪುತ್ತದೆ. ವಾರ, ತಿಂಗಳ ಹೆಸರಿಗೂ ಕ್ಯಾಪಿಟಲ್ ಬೇಕು. 'ಸಮ್ಮರ್', 'ವಿಂಟರ್' ಅನ್ನುವ ಋತುಗಳಿಗೆ ಬೇಡ. 2014ರ ನವೆಂಬರ್ 1ರಿಂದ ನಮ್ಮೂರಿನ ಇಂಗ್ಲಿಷ್ ಹೆಸರು ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಸ್ಪೆಲಿಂಗ್ ಬದಲಾಯಿತೇ ಹೊರತು ಆ ಕ್ಯಾಪಿಟಲ್ 'ಎಸ್' ಹಾಗೇ ಇದೆ.

ಎಣಿಸಬಹುದೇ ಅನ್ನುವುದನ್ನೂ ಕೇಳಿಕೊಳ್ಳಿ. 'ಎಲಿಫೆಂಟ್' ಎಣಿಸಬಹುದು, ಹಾಗಾಗಿ 'ಮೆನಿ ಎಲಿಫೆಂಟ್ಸ್'. 'ರೈಸ್' ಎಣಿಸುವುದಿಲ್ಲ, 'ಮಚ್ ರೈಸ್'. 'ಫರ್ನಿಚರ್', 'ಇನ್ಫರ್ಮೇಷನ್', 'ಅಡ್ವೈಸ್' ಇವು ಮೋಸ ಮಾಡುತ್ತವೆ. ನಮಗೆ ಎಣಿಸಬಹುದು ಅನ್ನಿಸಿದರೂ ಇವಕ್ಕೆ 'ಎಸ್' ಸೇರಿಸುವ ಹಾಗಿಲ್ಲ.

ಈಗ ನೀವೇ ಮಾಡಿ. 'ಫಾಸ್ಟ್' ಅನ್ನುವ ಒಂದೇ ಪದ, ನಾಲ್ಕು ವಾಕ್ಯ. 'ದಿಸ್ ಈಸ್ ಎ ಫಾಸ್ಟ್ ಬಸ್.' 'ದ ಬಸ್ ಟು ಸಾಗರ ಗೋಸ್ ಫಾಸ್ಟ್.' 'ಅಜ್ಜಿ ಫಾಸ್ಟ್ಸ್ ಆನ್ ಏಕಾದಶಿ.' 'ಹರ್ ಫಾಸ್ಟ್ ಎಂಡೆಡ್ ದಿಸ್ ಮಾರ್ನಿಂಗ್.' ಎಂಥ ಬಸ್ ಅಂತ ಹೇಳುವ ಮೊದಲನೆಯದು ಅಡ್ಜೆಕ್ಟಿವ್. ಹೇಗೆ ಹೋಗುತ್ತದೆ ಅನ್ನುವ ಎರಡನೆಯದು ಅಡ್ವರ್ಬ್. ಅಜ್ಜಿ ಉಪವಾಸ ಮಾಡುವುದು ವರ್ಬ್. ಮುಗಿದದ್ದು ಏನು ಅಂತ ಕೇಳಿದರೆ ಸಿಗುವ ಕೊನೆಯದು ನೌನ್.