ಲೆವನ್‌ವರ್ತ್‌ಗೆ ಹೋಗುತ್ತೀರಾ? ಒಂದು ರಾತ್ರಿ ಉಳಿಯಿರಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಿಯಾಟಲ್‌ನಲ್ಲಿರುವ ಮಕ್ಕಳ ಮನೆಗೆ ಹೋದ ಅಪ್ಪ ಅಮ್ಮಂದಿರಿಗೆ ಲೆವನ್‌ವರ್ತ್ ನೋಡುವ ಯೋಗ ಬರುವುದು ಹೆಚ್ಚಾಗಿ ಶನಿವಾರ. ಬೆಟ್ಟಗಳ ನಡುವಿನ ಪುಟ್ಟ ಊರು. ಮರದ ಬಾಲ್ಕನಿ, ಗೋಡೆ ತುಂಬ ಚಿತ್ರ, ಬೇಸಿಗೆಯಲ್ಲಿ ಎಲ್ಲೆಲ್ಲೂ ಹೂವಿನ ಬುಟ್ಟಿ. ಜರ್ಮನಿಯ ಬವೇರಿಯಾಕ್ಕೆ ಬಂದ ಹಾಗೆ ಅನಿಸುತ್ತದೆ. ನಾಲ್ಕು ಫೋಟೊ ತೆಗೆದು ಸುಮ್ನೆ ವಾಪಸ್ ಬಂದುಬಿಟ್ಟರೆ ನಷ್ಟ ನಿಮ್ಮದೇ.

ಮೊದಲು ದಿನ ಗೊತ್ತು ಮಾಡಿ. ಡಿಸೆಂಬರ್ ಶನಿವಾರ, ಭಾನುವಾರ ಕ್ರಿಸ್‌ಮಸ್ ದೀಪಾಲಂಕಾರ ನೋಡಲು ಬಂದ ಜನರ ನಡುವೆ ಕಾರು ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಕ್ರಿಸ್‌ಮಸ್ ಕಳೆದ ಮೇಲೂ ಕೆಲವು ವಾರ ದೀಪಗಳು ಇರುತ್ತವೆ. ವಾರದ ನಡುವೆ ಹೋಗಿ. ರೂಮು ಮೊದಲೇ ಬುಕ್ ಮಾಡಿ.

ಸಿಯಾಟಲ್‌ನಿಂದ ಸುಮಾರು 190 ಕಿಲೋಮೀಟರ್, ಎರಡೂವರೆ ಗಂಟೆ ದಾರಿ. ನಡುವೆ 4 ಸಾವಿರ ಅಡಿಗೂ ಎತ್ತರದ ಸ್ಟೀವನ್ಸ್ ಪಾಸ್ ಎಂಬ ಘಾಟಿ ದಾಟಬೇಕು. ಚಳಿಗಾಲದಲ್ಲಿ ಹೊರಡುವ ಮುಂಚೆ ರಾಜ್ಯದ ಸಾರಿಗೆ ಇಲಾಖೆಯ ವೆಬ್‌ಸೈಟ್‌ನಲ್ಲಿ ಘಾಟಿಯ ಸ್ಥಿತಿ ನೋಡಿ. ಟೈರಿಗೆ ಹಾಕುವ ಚೈನ್ ಕಾರಿನಲ್ಲಿರಲಿ. ಅದನ್ನು ಹಾಕುವುದನ್ನು ಮನೆಯ ಮುಂದೆಯೇ ಒಮ್ಮೆ ಕಲಿತುಬಿಡಿ, ಹಿಮ ಬೀಳುವಾಗ ಬೆರಳು ಮಾತು ಕೇಳುವುದಿಲ್ಲ. ಅಮೆರಿಕದ ಪ್ರಯಾಣಿಕ ರೈಲು ಸಂಸ್ಥೆ ಆಮ್‌ಟ್ರ್ಯಾಕ್‌ನ ಎಂಪೈರ್ ಬಿಲ್ಡರ್ ರೈಲೂ ಇದೆ, ದಿನಕ್ಕೆ ಒಂದೇ.

ಊರು ತಲುಪಿದ ಕೂಡಲೇ ಅಂಗಡಿಗೆ ನುಗ್ಗಬೇಡಿ. ಊರಿನ ಮುಖ್ಯ ಬೀದಿ ಫ್ರಂಟ್ ಸ್ಟ್ರೀಟ್‌ನಿಂದ ಕೆಳಗಿಳಿದು ವೆನಾಚಿ ನದಿಯ ಹತ್ತಿರ ಹೋಗಿ. ಐದೇ ನಿಮಿಷದ ನಡಿಗೆ. ಈ ಊರಿನ ಕಥೆ ಶುರುವಾಗುವುದು ಇಲ್ಲಿಂದಲೇ. ಒಂದು ಕಾಲಕ್ಕೆ ಈ ನದಿಯಲ್ಲಿ ಮರದ ದಿಮ್ಮಿಗಳು ತೇಲಿ ಬರುತ್ತಿದ್ದವು. ಸಾಮಿಲ್ ಇತ್ತು, ರೈಲ್ವೆ ಇತ್ತು, ಕೈತುಂಬ ಕೆಲಸ ಇತ್ತು. 1920ರ ದಶಕದಲ್ಲಿ ರೈಲ್ವೆ ತನ್ನ ಯಾರ್ಡನ್ನು ವೆನಾಚಿ ಊರಿಗೆ ಒಯ್ದಿತು. ಮಿಲ್ಲೂ ಮುಚ್ಚಿತು. ಅಂಗಡಿಗಳು ಒಂದೊಂದಾಗಿ ಬಾಗಿಲು ಹಾಕಿದವು. 1962ರಲ್ಲಿ ಊರಿನವರೇ ಸೇರಿ, ವಾಷಿಂಗ್ಟನ್ ವಿಶ್ವವಿದ್ಯಾಲಯದ ನೆರವು ಪಡೆದು, ಊರು ಉಳಿಸುವ ದಾರಿ ಹುಡುಕಿದರು. ಕ್ಯಾಲಿಫೋರ್ನಿಯಾದಲ್ಲಿ ಡೆನ್ಮಾರ್ಕ್ ಶೈಲಿಯ ಸೋಲ್ವಾಂಗ್ ಎಂಬ ಊರು ಅವರಿಗೆ ಮಾದರಿಯಾಯಿತು. ಸ್ವಂತ ದುಡ್ಡು, ಸಾಲ ಹಾಕಿ ಕಟ್ಟಡಗಳ ಮುಖವನ್ನು ಬವೇರಿಯಾ ಶೈಲಿಗೆ ಬದಲಿಸಿದರು. ಇದು ಗೊತ್ತಿದ್ದು ನೋಡಿದರೆ ಆ ಬಾಲ್ಕನಿಗಳ ಮೇಲೆ ಪ್ರೀತಿ ಹುಟ್ಟುತ್ತದೆ, ಅಲ್ವಾ?

ಈಗ ಮೇಲೆ ಬಂದು ಫ್ರಂಟ್ ಸ್ಟ್ರೀಟ್ ನೋಡಿ. 1995ರಲ್ಲಿ ಶುರುವಾದ ನಟ್‌ಕ್ರ್ಯಾಕರ್ ಮ್ಯೂಸಿಯಂ ತಪ್ಪಿಸಬೇಡಿ. ಕಾಯಿ ಒಡೆಯುವ ಸಾವಿರಾರು ಸಾಧನಗಳಿವೆ. ಅಜ್ಜಿಯ ಅಡಕತ್ತರಿ ಕಂಡವರಿಗೆ ಇದು ನೆಂಟರ ಮನೆಯಂತೆ. ತೆರೆದಿರುವ ಸಮಯ ಮೊದಲೇ ನೋಡಿಕೊಳ್ಳಿ.

ಊಟದ ವಿಷಯ. ಮಾಂಸದ ಸಾಸೇಜ್‌ನದೇ ಕಾರುಬಾರು. ಸಸ್ಯಾಹಾರಿಗಳು ಪ್ರೆಟ್ಜೆಲ್ ಎಂಬ ಗಂಟಿನಾಕಾರದ ಬ್ರೆಡ್ಡನ್ನು ಸಾಸಿವೆ ಸಾಸ್ ಜೊತೆ ತಿನ್ನಬಹುದು. ಸೂಪ್ ಆದರೆ ಮಾಂಸ ಇದೆಯಾ ಅಂತ ಕೇಳಿಯೇ ತಗೊಳ್ಳಿ. ಹಿರಿಯರು ಜೊತೆಗಿದ್ದರೆ ಒಂದು ಡಬ್ಬಿ ಚಿತ್ರಾನ್ನ ಇರಲಿ. ಚಳಿಗಾಲದಲ್ಲಿ ಅವರಿಗೆ ಜಾರದ ಶೂ ಹಾಕಿಸಿ, ಫುಟ್‌ಪಾತ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ.

ರಾತ್ರಿ ದೀಪ ನೋಡಿ ಮಲಗಿ. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅದೇ ಬೀದಿಯಲ್ಲಿ ಇನ್ನೊಂದು ಸುತ್ತು ಹಾಕಿ. ಜನ ಇರುವುದಿಲ್ಲ. ಸೂರುಗಳ ಹಿಂದೆ ಕ್ಯಾಸ್ಕೇಡ್ ಬೆಟ್ಟಗಳು ಪೂರ್ತಿ ಕಾಣುತ್ತವೆ.